ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಟರ್ಬೊ ಕಾರಿನಲ್ಲಿ ತಪ್ಪು ಹುಡುಕುವುದು ಹೇಗೆ

ಕೀ ತಿರುಗಿಸಿದರೆ ಸೆಲ್ಫ್ ಮೋಟರ್ ಎಂಜಿನನ್ನು ಗಿರ್ರನೆ ತಿರುಗಿಸುತ್ತದೆ. ಆದರೆ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಕಾರು ಟರ್ಬೊದ್ದಾಗಿದ್ದರೆ ಪಕ್ಕದಲ್ಲಿ ನಿಂತವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: "ಟರ್ಬೊ ಹೋಗಿರಬೇಕು." ದುಬಾರಿ ಸಾಮಾನು, ಹೆಸರೂ ದೊಡ್ಡದು. ಹಾಗಾಗಿ ಅನುಮಾನವೆಲ್ಲ ಅದರ ತಲೆಗೇ.

ಆದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಈ ಟರ್ಬೊ ತಿರುಗುವುದು ಎಂಜಿನ್‌ನಿಂದ ಹೊರಗೆ ನುಗ್ಗುವ ಬಿಸಿ ಹೊಗೆಯಿಂದ. ರಭಸವಾಗಿ ಓಡುವಾಗ ಅದರ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ದಾಟುತ್ತದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುವುದೇ ನಿಮಿಷಕ್ಕೆ 200-300 ಸುತ್ತು. ಹೊಗೆಯೇ ಇನ್ನೂ ಹುಟ್ಟಿಲ್ಲ. ಆ ಹೊತ್ತಿಗೆ ಟರ್ಬೊ ನಿದ್ದೆಯಲ್ಲಿರುತ್ತದೆ ಅಂದುಕೊಳ್ಳಿ. ಕೆಟ್ಟ ಟರ್ಬೊ ಇರುವ ಕಾರೂ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ. ಎಳೆತ ಇರುವುದಿಲ್ಲ, ಹೊಗೆ ಉಗುಳುತ್ತದೆ, ಶಿಳ್ಳೆ ಹೊಡೆಯುತ್ತದೆ, ಅಷ್ಟೇ. ಸ್ಟಾರ್ಟ್ ಆಗದಿರುವುದಕ್ಕೆ ಟರ್ಬೊ ಅಥವಾ ಅದರ ಪೈಪುಗಳು ಕಾರಣವಾಗುವ ಸಂದರ್ಭ ಮೂರೋ ನಾಲ್ಕೋ ಇವೆ. ಅವು ಕೊನೆಯಲ್ಲಿ ಬರುತ್ತವೆ. ಮೊದಲು ಖರ್ಚಿಲ್ಲದ ಕೆಲಸ ಮಾಡೋಣ: ಕೇಳುವುದು, ನೋಡುವುದು, ಮೂಸುವುದು.

ಶುರು ಮಾಡುವ ಮುಂಚೆ ಎರಡು ಮಾತು. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಕಾದು ಸುಟ್ಟು, ಇದ್ದ ಒಂದು ತೊಂದರೆ ಎರಡಾಗುತ್ತದೆ. ಇನ್ನೊಂದು, ಬಾನೆಟ್ ಕೆಳಗೆ ಪೆಟ್ರೋಲ್ ಅಥವಾ ಡೀಸೆಲ್ ತೊಟ್ಟಿಕ್ಕುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಕೀ ತೆಗೆದು ದೂರ ಬನ್ನಿ. ಆ ಕಾರನ್ನು ಸ್ಟಾರ್ಟ್ ಮಾಡುವ ಪ್ರಯತ್ನವೇ ಬೇಡ.

ಸೆಲ್ಫ್ ಸೋತಂತೆ ಹೊಡೆಯುತ್ತದೆ

"ತಿರುಗುತ್ತಿದೆ ಅಲ್ವಾ, ಬ್ಯಾಟರಿ ಸರಿಯಿದೆ" ಅಂತ ತುಂಬ ಜನ ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ತಪ್ಪು. ಸೆಲ್ಫ್ ಮೋಟರ್ ತಿರುಗಿಸುವಷ್ಟು ಕಸುವು ಇದ್ದೂ, ಎಂಜಿನ್ ಕಂಪ್ಯೂಟರ್‌ಗೆ ಮತ್ತು ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಸಾಕಾಗುವಷ್ಟು ವೋಲ್ಟೇಜ್ ಇಲ್ಲದಿರಬಹುದು. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗಿದರೆ ಒಳಗಿನ ಗಾಳಿ ಬೇಕಾದಷ್ಟು ಬಿಸಿಯೂ ಆಗುವುದಿಲ್ಲ.

ಮಲ್ಟಿಮೀಟರ್ ಇದ್ದರೆ ಬ್ಯಾಟರಿ ಮೇಲೆ ಇಡಿ. ಎಲ್ಲ ಆಫ್ ಇದ್ದಾಗ 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿಯೇ ಅನ್ನಿ. ಈಗ ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡಿ. 9.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಬೇರೆ ಏನನ್ನೂ ಹುಡುಕಬೇಡಿ. ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿ ನೋಡಿ, ಹಸಿರು-ಬಿಳಿ ಪುಡಿ ಕಟ್ಟಿದ್ದರೆ ಒರೆಸಿ ಬಿಗಿ ಮಾಡಿ.

ಇನ್ನೊಂದು ಕಾರಿನಿಂದ ಜಂಪರ್ ಕೇಬಲ್ ಹಾಕುವುದಾದರೆ ಮೊದಲು ಕೆಂಪು ತಂತಿಯಿಂದ ಪ್ಲಸ್‌ಗೆ ಪ್ಲಸ್ ಸೇರಿಸಿ. ಆಮೇಲೆ ಕಪ್ಪು ತಂತಿಯ ಒಂದು ತುದಿ ಸಹಾಯಕ್ಕೆ ಬಂದ ಕಾರಿನ ಮೈನಸ್‌ಗೆ. ಕೊನೆಯ ತುದಿಯನ್ನು ನಿಂತ ಕಾರಿನ ಬ್ಯಾಟರಿಗೆ ಹಾಕದೆ, ದೂರದಲ್ಲಿರುವ ಎಂಜಿನ್ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರಬಹುದು, ಅದರ ಪಕ್ಕದಲ್ಲೇ ಕಿಡಿ ಹಾರಬಾರದು.

ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಅಭ್ಯಾಸ ಇಲ್ಲಿ ಬೇಡ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಆಟೋಮ್ಯಾಟಿಕ್ ಗೇರ್ ಕಾರಂತೂ ತಳ್ಳಿದರೆ ಸ್ಟಾರ್ಟ್ ಆಗುವುದೇ ಇಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ದೀಪ ಮಿನುಗುತ್ತಿದೆ

ಕಳ್ಳತನ ತಡೆಯುವ ಇಮ್ಮೊಬಿಲೈಸರ್ ನಿಮ್ಮ ಕೀಯನ್ನು ಗುರುತು ಹಿಡಿಯುತ್ತಿಲ್ಲ. ಎಷ್ಟೋ ಕಾರುಗಳಲ್ಲಿ ಹೀಗಾದಾಗಲೂ ಸೆಲ್ಫ್ ಹೊಡೆಯುತ್ತದೆ, ಇಂಧನ ಮಾತ್ರ ಬಿಡುವುದಿಲ್ಲ. ಕೆಲವಲ್ಲಿ ಒಂದು ಸೆಕೆಂಡ್ ಸ್ಟಾರ್ಟ್ ಆಗಿ ಆರಿಹೋಗುತ್ತದೆ. ಮನೆಯಲ್ಲಿರುವ ಇನ್ನೊಂದು ಕೀ ತಂದು ನೋಡಿ. ಕೀ ಗೊಂಚಲಿನಲ್ಲಿ ಬೇರೆ ಗಾಡಿಯ ಕೀ ಇದ್ದರೆ ಬಿಡಿಸಿ. ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನು ಬಟನ್‌ಗೇ ತಾಗಿಸಿ ಒತ್ತಿ, ಕೆಲವು ಕಾರುಗಳಲ್ಲಿ ಅದಕ್ಕೆ ಬೇರೆ ಜಾಗ ಇರುತ್ತದೆ. ಎರಡೂ ಕೀಗೆ ದೀಪ ಮಿನುಗುತ್ತಲೇ ಇದ್ದರೆ ಅದು ಕಂಪನಿ ಸ್ಕ್ಯಾನರ್ ಇರುವವರ ಕೆಲಸ.

ಸೆಲ್ಫ್ ಚುರುಕಾಗಿದೆ, ಆರ್‌ಪಿಎಂ ಮುಳ್ಳು ಮಾತ್ರ ಸೊನ್ನೆಯಿಂದ ಏಳುವುದಿಲ್ಲ

ಇದಕ್ಕೆ ನಾನು ಎರಡು ದಿನ ಕಳೆದಿದ್ದೇನೆ. ನನ್ನ ಕಾರು ತಣ್ಣಗಿದ್ದಾಗ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ದೂರ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಬರೀ ಸೆಲ್ಫ್. ಒಂದು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಎದ್ದುಬಿಡುತ್ತಿತ್ತು. ವರ್ಕ್‌ಶಾಪಿನಲ್ಲಿ ಚೀಟಿಯ ಮೇಲೆ ಟರ್ಬೊ ಎಂದೇ ಬರೆದುಕೊಟ್ಟಿದ್ದರು. ನಾನೂ ನಂಬಿ, ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ನ ಪೈಪುಗಳನ್ನೆಲ್ಲ ಬಿಚ್ಚಿ ನೋಡುತ್ತಾ ಕೂತಿದ್ದೆ. ಪಕ್ಕದ ಸೀಟಿನಲ್ಲಿದ್ದ ಅಕ್ಕನ ಮಗ ಕೇಳಿದ: "ಮಾಮ, ಆ ಮುಳ್ಳು ಯಾಕೆ ಏಳ್ತಾನೇ ಇಲ್ಲ?" ಅಷ್ಟೇ ಸಾಕಾಯಿತು. ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಇಟ್ಟು ಐದು ನಿಮಿಷ ಕಾದೆವು. ಮುಳ್ಳು ಎದ್ದಿತು, ಎಂಜಿನ್ನೂ ಎದ್ದಿತು.

ಕ್ರ್ಯಾಂಕ್ ಸೆನ್ಸರ್ ಹೇಳಿದರೆ ಮಾತ್ರ ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರ್‌ಗೆ ಗೊತ್ತಾಗುವುದು. ಅದು ಸುಮ್ಮನಾದರೆ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ಸೆಲ್ಫ್ ಹೊಡೆಯುವಾಗ ಮುಳ್ಳು 200-300ರ ಹತ್ತಿರ ಸ್ವಲ್ಪವಾದರೂ ಎದ್ದು ನಡುಗಬೇಕು. ಬಿಸಿಯಾದಾಗ ಕೈಕೊಟ್ಟು, ತಣ್ಣಗಾದಾಗ ಸರಿಹೋಗುವುದು ಈ ಸೆನ್ಸರ್‌ನ ಹಳೆಯ ಚಾಳಿ. ಕೆಲವು ಕಾರುಗಳಲ್ಲಿ ಎಲ್ಲ ಸರಿಯಿದ್ದಾಗಲೂ ಮುಳ್ಳು ಏಳುವುದಿಲ್ಲ ಎನ್ನುವುದೂ ನಿಜ. ಅದಕ್ಕೇ ಕಾರು ಚೆನ್ನಾಗಿರುವಾಗ ಒಮ್ಮೆ ನೋಡಿಟ್ಟುಕೊಳ್ಳಿ.

ಸೆನ್ಸರ್ ಬದಲಿಸುವ ಮುಂಚೆ ಅದರ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ನು ಬಾಗಿದೆಯಾ, ಒಳಗೆ ಎಂಜಿನ್ ಆಯಿಲ್ ಇಳಿದಿದೆಯಾ, ತಂತಿ ಬಿಸಿ ಪೈಪಿಗೆ ಒರಗಿ ಕರಗಿದೆಯಾ? ಟರ್ಬೊ ಕಾರಿನ ಬಾನೆಟ್ ಕೆಳಗೆ ಕಾವು ಜಾಸ್ತಿ, ತಂತಿಗಳ ಮೇಲಿನ ಪ್ಲಾಸ್ಟಿಕ್ ಒಣಗಿ ಬಿರುಕು ಬಿಡುತ್ತದೆ.

ಟ್ಯಾಂಕಿನ ಕಡೆಯಿಂದ ಸದ್ದಿಲ್ಲ, ಸೈಲೆನ್ಸರ್‌ನಲ್ಲಿ ವಾಸನೆಯೂ ಇಲ್ಲ (ಪೆಟ್ರೋಲ್)

ಕಿಟಕಿ ಮುಚ್ಚಿ, ರೇಡಿಯೊ ಮತ್ತು ಫ್ಯಾನ್ ಆಫ್ ಮಾಡಿ. ಕೀಯನ್ನು ಸೆಲ್ಫ್‌ಗೆ ಹೋಗದಂತೆ ಆನ್‌ವರೆಗೆ ಮಾತ್ರ ತಿರುಗಿಸಿ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಜೇನುಹುಳ ಗುಯ್‌ಗುಟ್ಟಿದಂತೆ ಕೇಳಿಸುತ್ತದೆ. ಅದೇ ಟ್ಯಾಂಕಿನೊಳಗಿನ ಫ್ಯೂಯೆಲ್ ಪಂಪ್.

ಕೇಳಿಸದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಹಾರ್ನ್ ರಿಲೇ ಮತ್ತು ಪಂಪ್ ರಿಲೇ ಒಂದೇ ನಂಬರಿನವಾಗಿದ್ದರೆ ಅದಲು ಬದಲು ಮಾಡಿ. ಪಂಪ್ ಗುಯ್ ಎಂದು, ಹಾರ್ನ್ ಮೂಕವಾದರೆ ಉತ್ತರ ಕೈಗೆ ಸಿಕ್ಕಿತು. ಕೆಲವು ಕಾರುಗಳಲ್ಲಿ ಅಪಘಾತವಾದಾಗ ಪಂಪ್ ನಿಲ್ಲಿಸುವ ಒಂದು ಸ್ವಿಚ್ ಇರುತ್ತದೆ, ಗುಂಡಿಗೆ ಜೋರಾಗಿ ಇಳಿದರೂ ಅದು ಹಾರಿರಬಹುದು. ಎಲ್ಲಿದೆ ಎಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಹಾಗೇ, ನಾಚಿಕೆ ಬಿಟ್ಟು ಟ್ಯಾಂಕಿಗೆ ಒಂದಿಷ್ಟು ಪೆಟ್ರೋಲ್ ಹಾಕಿಯೂ ನೋಡಿ. ಗೇಜ್ ಸುಳ್ಳು ಹೇಳುವುದು ಹೊಸದೇನಲ್ಲ.

ಪಂಪ್ ಸದ್ದು ಮಾಡಿದ ಮಾತ್ರಕ್ಕೆ ಒತ್ತಡ ಇದೆ ಎಂದಲ್ಲ. ಈಗಿನ ಹೆಚ್ಚಿನ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡು ಪಂಪ್ ಇರುತ್ತವೆ. ಟ್ಯಾಂಕಿನದು ಸುಮಾರು 4ರಿಂದ 6 ಬಾರ್ ಕೊಡುತ್ತದೆ. ಎಂಜಿನ್ ಮೇಲಿರುವುದು ಅದನ್ನು 50 ಬಾರ್‌ನಿಂದ 200 ದಾಟುವವರೆಗೂ ಏರಿಸುತ್ತದೆ. ಆ ಎರಡನೇ ಪಂಪಿನ ಪೈಪಿಗೆ ಸ್ಪ್ಯಾನರ್ ಹಾಕಬೇಡಿ. ಅಲ್ಲಿಂದ ಮುಂದಿನದು ಸ್ಕ್ಯಾನರ್ ನೋಡಿ ಹೇಳಬೇಕಾದ ಮಾತು.

ಸೈಲೆನ್ಸರ್‌ನಲ್ಲಿ ಪೆಟ್ರೋಲ್ ವಾಸನೆ ಗಮ್ಮೆನ್ನುತ್ತಿದೆ

ಪೆಟ್ರೋಲ್ ಬರುತ್ತಿದೆ, ಸುಡುತ್ತಿಲ್ಲ. ನಾಲ್ಕೈದು ಸಲ ಸೆಲ್ಫ್ ಹೊಡೆದಿದ್ದರೆ ಪ್ಲಗ್‌ಗಳು ನೆನೆದು ಕೂತಿರುತ್ತವೆ. ಆಕ್ಸಿಲರೇಟರ್ ಪೂರ್ತಿ ಕೆಳಗೆ ಒತ್ತಿ ಹಿಡಿದು, 5-6 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ. ಕೆಮ್ಮಿ ಹತ್ತಿಕೊಂಡರೆ ಪೆಡಲ್ ಮೆಲ್ಲಗೆ ಬಿಡಿ.

ಹತ್ತದಿದ್ದರೆ ಪ್ಲಗ್ ಬಿಚ್ಚಿ ನೋಡುವ ಸಮಯ. ಒದ್ದೆಯಾಗಿದ್ದರೆ ಒಣಗಿಸಿ, ಕಪ್ಪು ಮಸಿಯಿದ್ದರೆ ಬದಲಿಸಿ. ಟರ್ಬೊ ಎಂಜಿನ್ ಪ್ಲಗ್‌ನ ಸಂದು ಚಿಕ್ಕದು, ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್. ಒಳಗಿನ ಒತ್ತಡ ಜಾಸ್ತಿಯಾದಷ್ಟೂ ಕಿಡಿಗೆ ಆ ಸಂದು ದಾಟುವುದು ಕಷ್ಟ. ಸವೆದು ಅಗಲವಾದ ಪ್ಲಗ್ ಹಿಂದಿನ ಕೆಲವು ವಾರಗಳಿಂದಲೇ ಏರಿನಲ್ಲಿ ಜರ್ಕ್ ಕೊಟ್ಟು ಹೇಳಿರುತ್ತದೆ, ನಾವು ಕೇಳಿಸಿಕೊಂಡಿರುವುದಿಲ್ಲ. ಕಿಡಿ ಬರುತ್ತಿದೆಯಾ ಎಂದು ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡುವ ಸಾಹಸ ಬೇಡವೇ ಬೇಡ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಬರುವುದು ಹತ್ತಾರು ಸಾವಿರ ವೋಲ್ಟ್. ಅದಕ್ಕೆಂದೇ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ. ನಾಲ್ಕೂ ಕಾಯಿಲ್ ಒಟ್ಟಿಗೆ ಕೆಡುವುದು ಅಪರೂಪ. ಎಲ್ಲಿಯೂ ಕಿಡಿ ಇಲ್ಲವೆಂದರೆ ಕಾಯಿಲ್‌ಗಳನ್ನು ಬಿಟ್ಟು, ಅವುಗಳಿಗೆ ಬರುವ ಫ್ಯೂಸ್ ಮತ್ತು ಕ್ರ್ಯಾಂಕ್ ಸೆನ್ಸರ್ ಕಡೆಗೆ ಹಿಂದಿರುಗಿ.

ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುತ್ತದೆಯೇ? ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ಡೀಸೆಲ್: ಸೈಲೆನ್ಸರ್ ಏನು ಹೇಳುತ್ತದೆ ನೋಡಿ

ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಹಿಂದೆ ಪಕ್ಕಕ್ಕೆ ನಿಂತು ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಅಥವಾ ಬೂದು ಹೊಗೆ ಬಂದರೆ ಹೋಗುತ್ತಿದೆ, ಉರಿಯುತ್ತಿಲ್ಲ.

ಹೊಗೆ ಇಲ್ಲದಿದ್ದರೆ, ಇತ್ತೀಚೆಗೆ ಡೀಸೆಲ್ ಫಿಲ್ಟರ್ ಬದಲಿಸಿದ್ದೀರಾ? ಟ್ಯಾಂಕ್ ಪೂರ್ತಿ ಖಾಲಿಯಾಗಿತ್ತಾ? ಹಾಗಿದ್ದರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿರಬಹುದು. ಕೈಪಂಪ್ ಇರುವ ಕಾರಿನಲ್ಲಿ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಐದಾರು ಸಲ ಕೀ ಆನ್-ಆಫ್ ಮಾಡಿ. ಫಿಲ್ಟರ್‌ನಲ್ಲಿ ನೀರು ಇದೆ ಎನ್ನುವ ದೀಪ ಹತ್ತಿದ್ದರೆ ನೀರು ಇಳಿಸಿ.

ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ (ಅದೇ ರೈಲ್) ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್‌ನಲ್ಲಿ ರೈಲ್ ಒತ್ತಡ ಒಂದು ಮಟ್ಟ ತಲುಪುವವರೆಗೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದೇ ಇಲ್ಲ. ಸಾಮಾನ್ಯವಾಗಿ ಅದು 150ರಿಂದ 250 ಬಾರ್ ನಡುವೆ. ಸವೆದ ಇಂಜೆಕ್ಟರ್‌ಗಳು ಡೀಸೆಲ್ಲನ್ನು ರಿಟರ್ನ್ ಪೈಪಿಗೆ ಸೋರಿಬಿಟ್ಟರೆ ಪಂಪ್ ಎಷ್ಟೇ ಒದ್ದಾಡಿದರೂ ಒತ್ತಡ ಏರುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಹಟ ಹಿಡಿಯುವ ಡೀಸೆಲ್ ಕಾರಿನಲ್ಲಿ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್, ಎರಡನೆಯದು ಇದು. ಬಿಸಿಯಾದ ಡೀಸೆಲ್ ತೆಳ್ಳಗಾಗಿ ಸಂದಿನಲ್ಲಿ ಇನ್ನೂ ಬೇಗ ಜಾರುತ್ತದೆ.

ಹಳೆಯ ಡೀಸೆಲ್ ಗಾಡಿಗಳಲ್ಲಿ ಮಾಡುತ್ತಿದ್ದಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಎಂಜಿನ್ ಓಡುವಾಗ ಆ ಪೈಪಿನಲ್ಲಿ 1600 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಸೆಲ್ಫ್ ಹೊಡೆಯುವಾಗಿನ ಒತ್ತಡವೂ ಚರ್ಮ ತೂತು ಮಾಡಿ ಡೀಸೆಲ್ಲನ್ನು ಮೈಯೊಳಗೆ ನುಗ್ಗಿಸಲು ಸಾಕು. ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು. ಆದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಹೊಗೆ ಬರುತ್ತಿದ್ದು ಚಳಿಯ ಬೆಳಗಾಗಿದ್ದರೆ ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ. ಬೆಚ್ಚಗಿನ ಹವೆಯಲ್ಲಿ ಅದರ ಮೇಲೆ ತಪ್ಪು ಹೊರಿಸಬೇಡಿ, ಹೆಚ್ಚಿನ ಕಾಮನ್ ರೈಲ್ ಎಂಜಿನ್‌ಗಳು ಆಗ ಅದಿಲ್ಲದೆಯೂ ಏಳುತ್ತವೆ. ಗಾಳಿ ಒಳಹೋಗುವ ಕಡೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದಂತೂ ಬೇಡ. ಕಾದ ಹೀಟರ್ ಪ್ಲಗ್‌ಗೆ ಅದು ತಾಗಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟವಾಗಿ ಪಿಸ್ಟನ್ ಒಡೆಯಬಹುದು.

ಪೆಟ್ರೋಲ್ ಕಾರಿಗೆ ಡೀಸೆಲ್ಲೋ, ಡೀಸೆಲ್ ಕಾರಿಗೆ ಪೆಟ್ರೋಲೋ ಬಿದ್ದಿದೆ ಎಂಬ ಅನುಮಾನ ಬಂದರೆ ಕೀಯನ್ನು ಆನ್ ಕೂಡ ಮಾಡಬೇಡಿ. ಆನ್ ಮಾಡಿದರೇ ಪಂಪ್ ಓಡಲು ಶುರುವಾಗುತ್ತದೆ.

ಒಮ್ಮೆ ಹತ್ತಿಕೊಂಡು ತಕ್ಷಣ ಆರಿಹೋಗುತ್ತದೆ

ಟರ್ಬೊ ಕಾರು ಎನ್ನುವುದು ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲಿಂದ. ಏರ್ ಫಿಲ್ಟರ್‌ನಿಂದ ಟರ್ಬೊಗೆ, ಅಲ್ಲಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಉದ್ದನೆಯ ರಬ್ಬರ್ ಪೈಪುಗಳಿವೆ. ಫಿಲ್ಟರ್ ಹತ್ತಿರದ ಗಾಳಿ ಸೆನ್ಸರ್ ಒಳಬಂದ ಗಾಳಿಯನ್ನು ಅಳೆದು ಕಂಪ್ಯೂಟರ್‌ಗೆ ಹೇಳುತ್ತದೆ. ಅದರ ಮುಂದಿನ ಯಾವುದೋ ಪೈಪ್ ಕ್ಲಾಂಪಿನಿಂದ ಜಾರಿದ್ದರೆ ಎಂಜಿನ್ ಅಳತೆಗೆ ಸಿಗದ ಗಾಳಿ ಕುಡಿಯುತ್ತದೆ, ಲೆಕ್ಕ ತಪ್ಪುತ್ತದೆ, ಆರಿಹೋಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಇದು ಸಾಮಾನ್ಯ. ಡೀಸೆಲ್ ಕಾರು ಪೈಪ್ ಕಳಚಿದ್ದರೂ ಕಪ್ಪು ಹೊಗೆ ಬಿಡುತ್ತಾ ಓಡುತ್ತದೆ.

ಎಂಜಿನ್ ತಣ್ಣಗಿರುವಾಗ ಪ್ರತಿ ಪೈಪನ್ನೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ. ಕೆಳಭಾಗವನ್ನು ಬೆರಳಿಂದ ತಡವಿ, ಸೀಳು ಇರುವುದು ಅಲ್ಲೇ, ಕಣ್ಣಿಗೆ ಕಾಣದ ಕಡೆ. ಫಿಲ್ಟರ್ ಬದಲಿಸಿದ ಮರುದಿನ ಈ ತೊಂದರೆ ಶುರುವಾಗಿದ್ದರೆ ಗಾಳಿ ಸೆನ್ಸರ್‌ನ ಕನೆಕ್ಟರ್ ಟಕ್ ಎಂದು ಕೂತಿದೆಯಾ ನೋಡಿ. ಕನೆಕ್ಟರ್ ಬಿಚ್ಚಿಟ್ಟಾಗ ಎಂಜಿನ್ ಆರದೆ ಓಡಿದರೆ ತಪ್ಪು ಆ ಸೆನ್ಸರ್‌ದೇ ಇರಬಹುದು.

ಗಾಳಿ ಒಳಗೆ ಬಂದರಷ್ಟೇ ಸಾಲದು, ಹೊರಗೂ ಹೋಗಬೇಕು. ಒಂದು ಕಾಗದದ ಚೂರನ್ನು ಸೈಲೆನ್ಸರ್ ಬಾಯಿಗೆ ಎರಡು ಬೆರಳಿನಷ್ಟು ದೂರ ಹಿಡಿಯಿರಿ. ಸೆಲ್ಫ್ ಹೊಡೆಯುವಾಗ ಅದು ಪಟಪಟ ಎಂದು ಹಾರಾಡಬೇಕು. ಸುಮ್ನೆ ನೇತಾಡುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಡೀಸೆಲ್ ಕಾರಿನ ಹೊಗೆಯಿಂದ ಮಸಿ ಹಿಡಿಯುವ ಫಿಲ್ಟರ್ ಡಬ್ಬಿ ಕಟ್ಟಿಕೊಂಡಿರಬಹುದು. ಸೋರುವ ಟರ್ಬೊದ ಆಯಿಲ್ ಕುಡಿದು ಅವು ಹಾಳಾಗುವುದುಂಟು. ಎಷ್ಟೋ ಡೀಸೆಲ್ ಕಾರುಗಳ ಗಾಳಿ ದಾರಿಯಲ್ಲಿ ಎಂಜಿನ್ ಆಫ್ ಮಾಡುವಾಗ ಮುಚ್ಚುವ ಒಂದು ಫ್ಲ್ಯಾಪ್ ಇರುತ್ತದೆ. ಅದು ಮುಚ್ಚಿದಲ್ಲೇ ಸಿಕ್ಕಿಕೊಂಡರೂ ಫಲ ಇದೇ.

ಸೆಲ್ಫ್ ಸದ್ದೇ ಬೇರೆಯಾಗಿದೆ

ಆರೋಗ್ಯವಾದ ಎಂಜಿನ್ ತಿರುಗುವಾಗ ಒಂದು ಲಯ ಇರುತ್ತದೆ, ರ್ರು-ರ್ರು-ರ್ರು ಎಂದು. ಆ ಲಯ ಹೋಗಿ, ತಡೆಯೇ ಇಲ್ಲದಂತೆ ವೇಗವಾಗಿ ವ್ವೀಂ ಎಂದರೆ ಕಂಪ್ರೆಷನ್ ಇಲ್ಲ, ಅಂದರೆ ಸಿಲಿಂಡರ್ ಒಳಗಿನ ಗಾಳಿ ಒತ್ತಿಕೊಳ್ಳುತ್ತಿಲ್ಲ. ಟೈಮಿಂಗ್ ಬೆಲ್ಟ್ ಹರಿದಿರಬಹುದು. ಇನ್ನೊಂದು ಸಲವೂ ಸೆಲ್ಫ್ ಹೊಡೆಯಬೇಡಿ. ವಾಲ್ವ್ ಇನ್ನೂ ಬಾಗಿರದಿದ್ದರೆ ಉಳಿಯುವುದು ಹೀಗೇ. ಲಯ ಒಂದೇ ಸಮನಿಲ್ಲದೆ ನಡುನಡುವೆ ತಪ್ಪುತ್ತಿದ್ದರೆ ಚೈನ್ ಹಲ್ಲು ಜಾರಿರಬಹುದು ಅಥವಾ ಒಂದು ಸಿಲಿಂಡರ್ ಸತ್ತಿರಬಹುದು.

ನೀರು ನಿಂತ ರಸ್ತೆ ದಾಟಿ ಬಂದಮೇಲೆ ನಿಂತ ಕಾರಿಗೂ ಇದೇ ಮಾತು. ಇಂಟರ್‌ಕೂಲರ್ ಮತ್ತು ಅದರ ಪೈಪುಗಳು ಎಷ್ಟೋ ಕಾರುಗಳಲ್ಲಿ ತೀರಾ ಕೆಳಗಿರುತ್ತವೆ. ಸಿಲಿಂಡರ್‌ಗೆ ನೀರು ಹೊಕ್ಕಿದ್ದರೆ ಸೆಲ್ಫ್ ಹೊಡೆದ ಕೂಡಲೇ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಗಾಳಿ ಪೈಪಿನಲ್ಲಿ ಆಯಿಲ್ ನಿಂತಿದೆ

ಪೈಪ್ ಬಿಚ್ಚಿದಾಗ ಒಳಗೆ ತೆಳ್ಳಗೆ ಆಯಿಲ್ ಸವರಿದಂತಿದ್ದರೆ ಹೆದರಬೇಡಿ. ಎಂಜಿನ್ನಿನ ಉಸಿರು ಪೈಪಿನಿಂದ ಅಷ್ಟು ಬಂದೇ ಬರುತ್ತದೆ. ಬಗ್ಗಿಸಿದರೆ ಧಾರೆಯಾಗಿ ಸುರಿಯುವಷ್ಟಿದ್ದರೆ ಟರ್ಬೊದ ಸೀಲ್ ಹೋಗಿರಬಹುದು. ಡೀಸೆಲ್ ಕಾರಿನಲ್ಲಿ ಇದು ಅಪಾಯ. ಸ್ಟಾರ್ಟ್ ಆದ ಎಂಜಿನ್ ಆ ಆಯಿಲ್ಲನ್ನೇ ಕುಡಿದು ತಾನೇ ತಾನಾಗಿ ವೇಗ ಏರಿಸಿಕೊಂಡು ಹೋಗಬಹುದು, ಕೀ ತೆಗೆದರೂ ನಿಲ್ಲುವುದಿಲ್ಲ. ಇಂಟರ್‌ಕೂಲರ್ ಬರಿದು ಮಾಡುವವರೆಗೆ ಸೆಲ್ಫ್ ಹೊಡೆಯಬೇಡಿ.

ಕೀ ತೆಗೆದು, ಎಂಜಿನ್ ತಣ್ಣಗಾದ ಮೇಲೆ ಟರ್ಬೊದ ಬಾಯಿಯ ಪೈಪ್ ಬಿಚ್ಚಿ ಒಳಗಿನ ಚಕ್ರವನ್ನು ಬೆರಳಿಂದ ತಿರುಗಿಸಿ. ಸರಾಗವಾಗಿ ತಿರುಗಬೇಕು. ಪಕ್ಕಕ್ಕೆ ಚೂರು ಆಟ ಇದ್ದರೆ ಪರವಾಗಿಲ್ಲ. ಹಿಂದೆ ಮುಂದೆ ಎಳೆದಾಗ ಆಟ ಸಿಕ್ಕರೆ, ರೆಕ್ಕೆಯ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ, ಅಥವಾ ರೆಕ್ಕೆಯ ಚೂರೇ ಮುರಿದಿದ್ದರೆ ಟರ್ಬೊ ನಿಜಕ್ಕೂ ಹೋಗಿದೆ. ಮುರಿದ ಚೂರು ಎಂಜಿನ್ ಒಳಗೆ ಹೋಗಿರಬಹುದಾದ್ದರಿಂದ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಸ್ಕ್ಯಾನರ್ ಇದ್ದರೆ

ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಾಕು. ಅದು ತೋರಿಸುವ ತಪ್ಪಿನ ಕೋಡ್‌ಗಳಲ್ಲಿ ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಪಿ0340 ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನ ಸೆನ್ಸರ್‌ದು. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ತಾಳ ತಪ್ಪಿದೆ, ಬೆಲ್ಟ್ ಅಥವಾ ಚೈನ್ ನೋಡಿಸಿ. ಪಿ0087 ರೈಲ್ ಒತ್ತಡ ಸಾಲದು ಎನ್ನುತ್ತದೆ. ಕೋಡ್ ತೋರಿಸುವುದು ಬೀದಿಯನ್ನು, ಮನೆಯನ್ನಲ್ಲ. ಸೆನ್ಸರ್ ಕೋಡ್ ಬಂದ ತಕ್ಷಣ ಸೆನ್ಸರ್ ಕೊಳ್ಳಬೇಡಿ, ತಂತಿ ನೋಡಿ.

ಕೋಡ್‌ಗಿಂತ ನನಗೆ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣ ಹೇಳುವ ಅಂಕಿ, ಇಷ್ಟ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ಉಷ್ಣತೆ ಹೊರಗಿನ ಹವೆಯಷ್ಟೇ ಇರಬೇಕು. ಮೈನಸ್ 40 ತೋರಿಸಿದರೆ ಆ ಸೆನ್ಸರ್‌ನ ತಂತಿ ಕಡಿದಿದೆ, ಕಂಪ್ಯೂಟರ್ ಹಿಮದಲ್ಲಿದ್ದೇನೆಂದು ನಂಬಿ ಪೆಟ್ರೋಲ್ ಸುರಿಯುತ್ತಿದೆ. ಎಂಜಿನ್ ಆಫ್ ಇದ್ದು ಕೀ ಆನ್ ಇರುವಾಗ ಬೂಸ್ಟ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು, ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೋಪಾಸ್ಕಲ್. ನಿಂತ ಕಾರಿನಲ್ಲಿ 200 ಎನ್ನುತ್ತಿದ್ದರೆ ಸುಳ್ಳು ಹೇಳುತ್ತಿದೆ.

ಮೆಕ್ಯಾನಿಕ್ ಕೈಗೆ ಕೊಡುವಾಗ

ಇಷ್ಟಾದರೂ ಏಳದಿದ್ದರೆ ಮುಂದಿನದು ಕಂಪ್ರೆಷನ್ ಗೇಜ್, ಇಂಜೆಕ್ಟರ್ ರಿಟರ್ನ್ ಅಳತೆ, ವೈರಿಂಗ್ ಹುಡುಕಾಟ. ಮನೆ ಮುಂದೆ ಆಗುವ ಕೆಲಸವಲ್ಲ. "ಸ್ಟಾರ್ಟ್ ಆಗ್ತಿಲ್ಲ, ನೋಡಿ" ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಒಂದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ನಾನು ಬರೆದಿದ್ದು ಹೀಗಿತ್ತು: "ತಣ್ಣಗಿದ್ದರೆ ಸ್ಟಾರ್ಟ್ ಆಗುತ್ತದೆ. ಬಿಸಿಯಾದರೆ ಇಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.8 ವೋಲ್ಟ್. ಪಂಪ್ ಸದ್ದು ಇದೆ. ಕೀ ದೀಪ ಇಲ್ಲ. ಮುಳ್ಳು ಏಳುವುದಿಲ್ಲ. ಸೆನ್ಸರ್ ತಣ್ಣಗೆ ಮಾಡಿದರೆ ಏಳುತ್ತದೆ. ಟರ್ಬೊ ಬಿಚ್ಚಬೇಡಿ."